ಮೀಸೆಯೊಳಗಿನ ಕಾಲುದಾರಿ

ಮೀಸೆ ಮಾವನ ಅಷ್ಟೂ ಫಜೀತಿಗೆ ಕಾರಣ ಕಿರುಬೆರಳುದ್ದದ ಒಂದು ಕಾಡಿಗೆ ಪೆನ್ಸಿಲ್ಲು.

ಅದು ಹೆಂಡತಿಯದು. ಆದರೆ ಆಕೆ ಅದನ್ನು ಕಣ್ಣಿಗೆ ಹಚ್ಚಿಕೊಂಡಿದ್ದು ಯಾವ ಕಾಲದಲ್ಲೋ. ದಿನಾ ಬೆಳಿಗ್ಗೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಕನ್ನಡಿಗೆ ಮೂಗು ತಾಗಿಸಿ, ಉಸಿರು ಬಿಗಿಹಿಡಿದು ಅದನ್ನು ಬಳಸುತ್ತಿದ್ದವನು ಮೀಸೆ ಮಾವನೇ. ಅವನ ಮೀಸೆ ಸಾಮಾನ್ಯದ್ದಲ್ಲ. ಒಂದು ಕೆನ್ನೆಯಲ್ಲಿ ಹೊರಟು ಇನ್ನೊಂದು ಕೆನ್ನೆಯಲ್ಲಿ ಇಳಿಯುವಂಥದ್ದು. ಬೀದಿಯಲ್ಲಿ ಯಾರಾದರೂ ವಿಳಾಸ ಕೇಳಿದರೆ, "ಮೀಸೆ ಮಾವನ ಬಿಲ್ಡಿಂಗ್ ದಾಟಿ ಎಡಕ್ಕೆ" ಎನ್ನುತ್ತಿದ್ದರೇ ಹೊರತು ಮನೆ ನಂಬರು ಯಾರಿಗೂ ನೆನಪಿರಲಿಲ್ಲ. ಇಂಥ ಮೀಸೆಯ ಬಲಭಾಗದಲ್ಲಿ, ಹುಲ್ಲುಗಾವಲಿನ ನಡುವೆ ದನ ನಡೆದು ಸವೆದ ಕಾಲುದಾರಿಯಂತೆ, ಮೂಗಿನಡಿಯಿಂದ ತುಟಿಯ ತನಕ ಒಂದು ಬೋಳು ಗೆರೆ. ಸೈನ್ಯದಲ್ಲಿದ್ದಾಗ ಆದ ಗಾಯದ ಕಲೆ. ಆ ಕಲೆಯ ಮೇಲೆ ಅಂದಿನಿಂದ ಒಂದು ಕೂದಲೂ ತಲೆಯೆತ್ತಿರಲಿಲ್ಲ. ಪೆನ್ಸಿಲ್ಲು ಓಡುತ್ತಿದ್ದುದು ಆ ದಾರಿಯಲ್ಲಿ.

"ಈ ಮೀಸೆ ಇದೆಯಲ್ಲ, ಇದರಡಿಗೆ ಗುಂಡು ಸವರಿಕೊಂಡು ಹೋದ ಗಾಯ ಇದೆ" ಎಂದು ಅವನು ಬೀದಿಗೆಲ್ಲ ಹೇಳಿಟ್ಟಿದ್ದ. ಗಾಯದ ಕತೆ ಬೇಕು, ಗಾಯ ಕಾಣಬಾರದು. ಗಂಡಸಿನ ಶೋಕಿಗೆ ಮದ್ದೆಲ್ಲಿ?

ಆದರೆ ಈ ಶೋಕಿಯೇ ಹೋದ ವರ್ಷ ಅವನ ಕೈ ಸುಟ್ಟಿತ್ತು. ನಿವೃತ್ತ ಸೈನಿಕರ ಕಾಲೊನಿಯಲ್ಲಿ ನೆಲಮಹಡಿಯ ಮನೆಗಳು ಖಾಲಿ ಬಿದ್ದಿದ್ದವು. ಅಂಗವೈಕಲ್ಯದ ಕಾರ್ಡು ಇದ್ದವರಿಗೆ ಮಾತ್ರ. ಮೀಸೆ ಮಾವ ಇರುವುದು ಲಿಫ್ಟಿಲ್ಲದ ಬಿಲ್ಡಿಂಗಿನ ನಾಲ್ಕನೇ ಮಹಡಿ. ಹೆಂಡತಿಯ ಮಂಡಿ ಎರಡೂ ಕೈಕೊಟ್ಟು, ಮೆಟ್ಟಿಲ ಮೇಲೆ ಕೂತು ಕೂತು ಇಳಿಯುವ ಸ್ಥಿತಿಗೆ ಬಂದಿತ್ತು. ಆಕೆ ಈಚೆಗೆ ಇಳಿಯುವುದನ್ನೇ ಬಿಟ್ಟಿದ್ದಳು. ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟು ಹಾಲು, ತರಕಾರಿ ಎಳೆದುಕೊಳ್ಳುವಳು. "ಒಂದು ಸಲ ಚಪ್ಪಲಿ ಹಾಕ್ಕೊಂಡು ಬಾಗಿಲಿಂದ ಆಚೆ ಹೆಜ್ಜೆ ಇಟ್ರೆ ಮಣ್ಣು ಸಿಗ್ಬೇಕು ರೀ, ಅಷ್ಟೇ ನನ್ನಾಸೆ" ಎನ್ನುವಳು. ಹಾಗಾಗಿಯೇ ಮುಖದ ಗಾಯಕ್ಕೆ ಕಾರ್ಡು ಕೊಡಿ ಎಂದು ಅರ್ಜಿ ಹಾಕಿದ್ದ. ಹಾಕಿ, ಮೆಡಿಕಲ್ ಬೋರ್ಡಿನ ಮುಂದೆ ಎಂದಿನಂತೆ ಪೆನ್ಸಿಲ್ಲು ತೀಡಿಕೊಂಡು, ಹುರಿಮೀಸೆ ತಿರುವಿಕೊಂಡೇ ಹೋಗಿ ನಿಂತಿದ್ದ! ಅವರು ಎರಡು ನಿಮಿಷ ನೋಡಿ, "ಮುಖದಲ್ಲಿ ಯಾವ ವಿಕಾರವೂ ಇಲ್ಲ, ಬದಲಿಗೆ ಲಕ್ಷಣವಾಗಿದೆ" ಎಂದು ಬರೆದು ಕಳಿಸಿದ್ದರು.

ಇವತ್ತು ಅದರ ಮೇಲ್ಮನವಿಯ ದಿನ.

ಬೆಳಿಗ್ಗೆ ಬಚ್ಚಲುಮನೆಯಲ್ಲಿ ಪೆನ್ಸಿಲ್ಲಿಗೆ ಕೈ ಹಾಕಿದರೆ ಡಬ್ಬಿ ಖಾಲಿ.

"ಹುಡುಕ್ಬೇಡಿ. ನನ್ನ ಹತ್ರ ಇದೆ" ಎಂದಳು ಹೆಂಡತಿ ಹೊರಗಿನಿಂದ. "ಇವತ್ತು ದೇವರು ಕೊಟ್ಟ ಮುಖದಲ್ಲಿ ಹೋಗಿ."

"ಲೇ, ಬೀದಿ ದಾಟೋ ತನಕನಾದ್ರೂ ಕೊಡೇ! ಆಮೇಲೆ ಅಳಿಸ್ಕೋತೀನಿ."

"ನೀವು ಅಳಿಸೋರಾ? ಮದುವೆ ದಿನಾನೇ ಅಳಿಸ್ಲಿಲ್ಲ. ಏನೂ ಬಳೀಬೇಡಿ, ಏನೂ ತೆಗೀಬೇಡಿ, ಹೇಗಿದ್ದೀರೋ ಹಾಗೆ ಹೋಗಿ ನಿಂತ್ಕೊಳ್ಳಿ. ತಿಳೀತಾ?"

ಲೋಕದಲ್ಲಿ ಹೆಂಡತಿ ಹೇಳಿದ ಬುದ್ಧಿಮಾತು ಗಂಡನ ಕಿವಿಯಿಂದ ತಲೆಗೆ ಹೋಗುವ ದಾರಿಯಲ್ಲಿ ಯಾವಾಗಲೂ ಯಾರಾದರೂ ನೆರೆಯವರು ಅಡ್ಡ ನಿಂತಿರುತ್ತಾರೆ. ಮೀಸೆ ಮಾವ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಕಳ್ಳಹೆಜ್ಜೆಯಲ್ಲಿ ಮೆಟ್ಟಿಲಿಳಿದ. ಮೂರನೇ ಮಹಡಿಯಲ್ಲಿ ಟೈಲರಮ್ಮ ಬಾಗಿಲಲ್ಲೇ ಕೂತು ಕಾಜಾ ಹೊಲಿಯುತ್ತಿದ್ದಳು.

"ಏನ್ ಮಾವ, ಹಲ್ಲುನೋವಾ? ಲವಂಗ ಕೊಡ್ಲಾ?"

"ಹ್ಞೂ... ಉಹ್ಞೂ" ಎಂದು ಮೀಸೆ ಮಾವ ಕರವಸ್ತ್ರದೊಳಗೇ ಉತ್ತರಿಸಿ ಎರಡೆರಡು ಮೆಟ್ಟಿಲು ಹಾರಿದ. ಹಾರಿ ನೇರವಾಗಿ ಎರಡನೇ ಮಹಡಿಯ ಲಾ ಪಾಯಿಂಟಿನ ಹೊಟ್ಟೆಗೆ ಬಡಿದ.

ಲಾ ಪಾಯಿಂಟು ಎಂದರೆ ಕೋರ್ಟಿನಲ್ಲಿ ಬೆಂಚು ಗುಮಾಸ್ತನಾಗಿದ್ದು ನಿವೃತ್ತನಾದವನು. ವಕೀಲರ ವಾದ ಕೇಳಿ ಕೇಳಿ ಅವನ ಕಿವಿ ವಕೀಲಿ ಪಾಸು ಮಾಡಿತ್ತು, ತಲೆ ಮಾತ್ರ ಇನ್ನೂ ಪರೀಕ್ಷೆಗೆ ಕೂತಿರಲಿಲ್ಲ. ಡಿಕ್ಕಿಯ ರಭಸಕ್ಕೆ ಕರವಸ್ತ್ರ ಹಾರಿಹೋಯಿತು. ಮೀಸೆಯೊಳಗಿನ ಕಾಲುದಾರಿ ಬಟಾಬಯಲಾಯಿತು.

"ಓಹೋ!" ಎಂದ ಲಾ ಪಾಯಿಂಟು, ಕನ್ನಡಕ ಹಣೆಗೇರಿಸಿ ಹತ್ತಿರ ಬಂದು. "ಇದೇನಾ ಆ ಗುಂಡು? ಇವತ್ತೇ ಅಲ್ವಾ ಅಪೀಲು? ಹೀಗೇ ಹೊರಟ್ರಾ?"

"ಹೀಗೇ ಹೋಗು ಅಂದಿದ್ದಾಳೆ."

"ಯಾರು, ಅಕ್ಕಾನಾ? ಅಯ್ಯೋ ಪುಣ್ಯಾತ್ಮ, ಅಕ್ಕನಿಗೆ ಕಾನೂನೇನ್ ಗೊತ್ತು? ನಿಮ್ಮ ಅರ್ಜಿ ಯಾತಕ್ಕೆ? ಗಾಯಕ್ಕೋ ಮೀಸೆಗೋ?"

"ಗಾಯಕ್ಕೆ."

"ಹಾಗಿದ್ಮೇಲೆ ಸಾಕ್ಷೀನ ಪರದೆ ಹಿಂದೆ ನಿಲ್ಲಿಸಿ ಹೇಳಿಕೆ ಕೊಡಿಸ್ತೀರಾ? ಗಾಯ ಒಳಗೆ, ಮೀಸೆ ಹೊರಗೆ! ಹೋದ ಸಲ ಸೋತಿದ್ದೇ ಇದಕ್ಕೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಂತಾರಲ್ಲ, ನಿಮ್ಮ ಹುಣ್ಣಿನ ಮೇಲೆ ಕಾಡೇ ಬೆಳ್ದಿದೆ. ಕಾಡು ಕಡೀಬೇಕು!"

"ಅಂದ್ರೆ?"

ಲಾ ಪಾಯಿಂಟು ಎರಡು ಬೆರಳನ್ನು ಕತ್ತರಿಯಂತೆ ಆಡಿಸಿ ತೋರಿಸಿದ.

ಮೊದಲ ಸಂಬಳಕ್ಕಿಂತ ಮೊದಲು ಬಂದ ಮೀಸೆ! ಮೀಸೆ ಮಾವ ಅದನ್ನು ಮುಟ್ಟಿ ನೋಡಿಕೊಂಡ. ಮೇಲಿನಿಂದ ಹೆಂಡತಿ ಮಂಡಿ ಹಿಡಿದು "ಅಮ್ಮಾ" ಎಂದು ಏಳುವ ಸದ್ದು ಮೆಟ್ಟಿಲಲ್ಲಿ ಇಳಿದು ಬಂತು. ಆಕೆ ಮಣ್ಣಿನ ಮೇಲೆ ಚಪ್ಪಲಿ ಇಟ್ಟು ನಿಂತ ಚಿತ್ರ ಕಣ್ಣೆದುರು ಬಂತು. ಮೀಸೆ ಹೋದರೆ ಬರುತ್ತದೆ, ಮನೆ ಹೋದರೆ ಬರುತ್ತದೆಯೇ?

"ನಡೀರಿ!" ಎಂದ, ಯುದ್ಧಕ್ಕೆ ಹೊರಟವನಂತೆ.

ಬಿಲ್ಡಿಂಗಿನ ಕೆಳಗೇ ಕಟಿಂಗ್ ಶಾಪು. ಮೀಸೆ ಮಾವ ಕುರ್ಚಿಯಲ್ಲಿ ಕೂತು, "ಪೂರ್ತಿ ತೆಗಿ" ಎಂದಾಗ ಬಾರ್ಬರನ ಕೈಯಿಂದ ಬಾಚಣಿಗೆ ಕೆಳಗೆ ಬಿತ್ತು.

"ಮಾವ, ಬೆಳಿಗ್ಗೆ ಬೆಳಿಗ್ಗೆ ತಮಾಷೆ ಬೇಡ. ನನ್ನ ಅಂಗಡಿ ಬೋರ್ಡಲ್ಲಿರೋ ಮೀಸೆ ನಿಮ್ಮದು!"

"ತೆಗಿಯಪ್ಪ. ಇದು ಸರ್ಕಾರಿ ಕೆಲಸ" ಎಂದ ಲಾ ಪಾಯಿಂಟು, ಮೀಸೆ ತನ್ನದೇ ಎಂಬಂತೆ.

ಸುದ್ದಿಗೆ ಕಾಲು ಬಂತು. ಟೈಲರಮ್ಮ ಸೂಜಿ ಹಿಡಿದೇ ಇಳಿದು ಬಂದಳು. ಹಾಲಿನವನು ಸೈಕಲ್ಲು ಒರಗಿಸಿ ಒಳಗೆ ನುಗ್ಗಿದ. ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡಿದ್ದ ಗಿರಾಕಿ, ತನ್ನ ಸರದಿ ಹೋದರೂ ಪರವಾಗಿಲ್ಲ ಎಂದು ಎದ್ದು ನಿಂತು ನೋಡತೊಡಗಿದ. ವರ್ಷಗಟ್ಟಲೆ ಕೇಳಿದ ಗುಂಡಿನ ಗಾಯ ಇವತ್ತು ಕಣ್ಣಿಗೆ ಬೀಳಲಿದೆ! ಬಲಗಡೆಯ ಮೀಸೆ ಬಿತ್ತು. ಎಲ್ಲರೂ ಉಸಿರು ಹಿಡಿದು ಬಗ್ಗಿದರು.

"ಎಲ್ಲಿ ಮಾವ?" ಎಂದಳು ಟೈಲರಮ್ಮ.

ಇತ್ತು. ಬಿಳಿ ದಾರದ ಎಳೆಯಷ್ಟು. ಟೈಲರಮ್ಮ ತನ್ನ ಸೂಜಿಯ ದಾರವನ್ನು ಪಕ್ಕದಲ್ಲಿ ಹಿಡಿದು ನೋಡಿ, "ನಲವತ್ತನೇ ನಂಬರು ದಾರ ಇದಕ್ಕಿಂತ ದಪ್ಪ" ಎಂದು ತೀರ್ಪು ಕೊಟ್ಟಳು. ಕೂದಲಿನ ನಡುವೆ ಹೆದ್ದಾರಿಯಂತೆ ಕಾಣುತ್ತಿದ್ದ ಗಾಯ, ಕೂದಲು ಹೋದ ಮೇಲೆ ಬರಿಯ ಚರ್ಮದಲ್ಲಿ ಚರ್ಮವಾಗಿ ಕರಗಿಹೋಗಿತ್ತು.

"ನಿಲ್ಸು! ಎಡಗಡೆ ಹಾಗೇ ಇರ್ಲಿ!" ಎಂದು ಮೀಸೆ ಮಾವ ಏಳಲು ಹೋದ.

"ಅರ್ಧ ಮೀಸೇಲಿ ಹೋದ್ರೆ ಹುಚ್ಚಾಸ್ಪತ್ರೆಗೆ ಕಳಿಸ್ತಾರೆ, ಕೂತ್ಕೊಳ್ಳಿ!" ಎಂದು ಲಾ ಪಾಯಿಂಟು ಅವನ ಹೆಗಲು ಒತ್ತಿದ. ಒತ್ತುವಾಗ ಮೊಣಕೈ ಬಾರ್ಬರನಿಗೆ ತಗುಲಿತು. ಬಾರ್ಬರನ ಕೈಯಲ್ಲಿದ್ದ ಕತ್ತಿ ಎಡಗಡೆಯ ಮೇಲ್ದುಟಿಗೆ ಇಳಿಯಿತು. ಮೀಸೆ ಮಾವನ ಕೂಗಿಗೆ ಹಾಲಿನವನ ಸೈಕಲ್ಲು ತಾನಾಗಿ ಬಿತ್ತು.

ಪಟಿಕದ ಕಲ್ಲು ಒತ್ತಿದರು, ಹತ್ತಿ ತುರುಕಿದರು, ಮೇಲೊಂದು ಪ್ಲಾಸ್ಟರು ಅಂಟಿಸಿದರು. ಉಳಿದ ಮೀಸೆಯನ್ನೂ ಬೋಳಿಸಿದರು. ಗಾಯದ ಮೇಲೆ ಬರೆ ಎಂಬಂತೆ ಆಗಲೇ ಮೀಸೆ ಮಾವನಿಗೆ ನೆನಪಾಯಿತು, ಸೈನ್ಯದ ಕಾಗದಗಳಿದ್ದ ಕಪ್ಪು ಫೈಲು ಮನೆಯಲ್ಲೇ ಇದೆ! ನಾಲ್ಕು ಮಹಡಿ ಹತ್ತಿಳಿಯಲು ಹೊತ್ತಿರಲಿಲ್ಲ. ಬೀದಿಯಲ್ಲಿ ನಿಂತು ಕತ್ತೆತ್ತಿ ಕೂಗಿದ.

"ಕೇಳಿಸ್ತಾ! ಆ ಕಪ್ಪು ಫೈಲು ಬುಟ್ಟೀಲಿ ಇಳಿಬಿಡೇ!"

ಹತ್ತಿ ತುಂಬಿದ ತುಟಿಯಿಂದ ಬಂದ ದನಿ ಅವನಿಗೇ ಅಪರಿಚಿತವಾಗಿತ್ತು. ಹೆಂಡತಿ ಬಾಲ್ಕನಿಯಿಂದ ಬಗ್ಗಿ ನೋಡಿದಳು. ಕೆಳಗೆ ಸುಲಿದ ಆಲೂಗಡ್ಡೆಯಂಥ ಮುಖದವನೊಬ್ಬ ಕೈ ಬೀಸುತ್ತಿದ್ದ. ಹೋದ ವಾರವಷ್ಟೇ ಯಾರೋ ಬುಟ್ಟಿಯಲ್ಲಿದ್ದ ಹಾಲಿನ ಪಾತ್ರೆ ಎತ್ತಿಕೊಂಡು ಹೋಗಿದ್ದರು.

"ಯಾರಪ್ಪ ನೀನು?"

"ನಾನು ಕಣೇ, ನಿನ್ನ ಗಂಡ!"

"ನನ್ನ ಗಂಡನಿಗೆ ಮೀಸೆ ಇದೆ!"

"ಅಕ್ಕಾ, ಇವರೇ! ನಾನೇ ಸಾಕ್ಷಿ!" ಎಂದು ಲಾ ಪಾಯಿಂಟು ಮುಂದೆ ಬಂದ.

"ನಿಮ್ಮ ಸಾಕ್ಷಿ ನಂಬಿದೋರು ಯಾರೂ ಉದ್ಧಾರ ಆಗಿಲ್ಲ, ಸುಮ್ನಿರಿ" ಎಂದಳು ಆಕೆ. ಬುಟ್ಟಿಯಲ್ಲಿ ಫೈಲು ಇಟ್ಟು ಅರ್ಧಕ್ಕೆ ಇಳಿಸಿ ಹಗ್ಗ ಹಿಡಿದು ನಿಂತಳು. "ಏಯ್! ನೀನು ನನ್ನ ಗಂಡಾನೇ ಆಗಿದ್ರೆ ಹೇಳು ನೋಡೋಣ. ನಿನ್ನ ತುಟಿ ಮೇಲಿನ ಗಾಯ ಯಾವುದರಿಂದ ಆಗಿದ್ದು?"

ಆ ಬೀದಿಯಲ್ಲಿ ಈ ಪ್ರಶ್ನೆಗೆ ನಿಜವಾದ ಉತ್ತರ ಗೊತ್ತಿದ್ದವರು ಇಬ್ಬರೇ, ಗಂಡ ಮತ್ತು ಹೆಂಡತಿ. ಮೀಸೆ ಮಾವ ಸುತ್ತ ನೋಡಿದ. ಇಡೀ ಬೀದಿ ಕಿವಿಯಾಗಿ ನಿಂತಿತ್ತು.

"ಗುಂಡಿಂದ" ಎಂದ ಮೆಲ್ಲಗೆ.

"ತಪ್ಪು!" ಬುಟ್ಟಿ ಮೇಲಕ್ಕೆ ಏರತೊಡಗಿತು.

"ಏ ಏ! ನಿಲ್ಲೇ!" ಮೀಸೆ ಮಾವ ಎಗರಿದ, ಬುಟ್ಟಿ ಕೈಗೆ ಸಿಗಲಿಲ್ಲ. ಬುಟ್ಟಿಯ ಜೊತೆಗೆ ನೆಲಮಹಡಿಯ ಮನೆಯೂ ಮೇಲೆ ಮೇಲೆ ಹೋಗುತ್ತಿತ್ತು. ಕಣ್ಣು ಮುಚ್ಚಿ, ಸೈನ್ಯದ ಕವಾಯತಿನ ದನಿಯಲ್ಲಿ ಕೂಗಿಯೇ ಬಿಟ್ಟ. "ಹೇಸರಗತ್ತೇ! ಹೇಸರಗತ್ತೆ ಕಚ್ಚಿದ್ದು!"

ಬುಟ್ಟಿ ಸರ್ರನೆ ಇಳಿದು ಬಂತು. "ಅಯ್ಯೋ, ನೀವೇನಾ? ಏನ್ರೀ ಇದು ಅವತಾರ!" ಎಂದು ಆಕೆ ಮೇಲೆ ಬಾಯಿ ಬಡಿದುಕೊಳ್ಳುತ್ತಿದ್ದರೆ, ಕೆಳಗೆ ಅರ್ಧ ನೊರೆಯ ಗಿರಾಕಿ ಮೊದಲು ನಕ್ಕ.

"ಕತ್ತೆನಾ ಮಾವ?" ಎಂದ ಬಾರ್ಬರು.

"ಕತ್ತೆ ಅಲ್ಲಯ್ಯ, ಹೇಸರಗತ್ತೆ! ಸೈನ್ಯದ್ದು! ನಂಬರಿತ್ತು ಅದಕ್ಕೆ!" ಎಂದು ಗುಡುಗಿ, ಫೈಲು ಕಂಕುಳಲ್ಲಿ ಅವುಚಿಕೊಂಡು ಮೀಸೆ ಮಾವ ಆಟೋ ಹತ್ತಿದ. ಕರೆಯದಿದ್ದರೂ ಲಾ ಪಾಯಿಂಟು ಪಕ್ಕದಲ್ಲಿ ಕೂತ.

ಬೋರ್ಡಿನ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಹಿಂದೆ ಮೂವರು. ನಡುವೆ ಕೂತವರು ಡಾಕ್ಟರಮ್ಮ. ಕನ್ನಡಕದ ಮೇಲಿನಿಂದ ನೋಡುವ, ನಗು ಮುಖದ ಹೆಂಗಸು. ಅವರು ಮೀಸೆ ಮಾವನನ್ನು ನೋಡಿದರು, ಫೈಲು ನೋಡಿದರು, ಮತ್ತೆ ಮೀಸೆ ಮಾವನನ್ನು ನೋಡಿದರು.

"ನಿಮ್ಮಣ್ಣ ಬರ್ಲಿಲ್ವಾ?" ಎಂದರು.

"ಮೇಡಂ, ನಾನೇ!" ಎಂದ ಮೀಸೆ ಮಾವ, ಪ್ಲಾಸ್ಟರು ಅಲುಗಾಡುವಷ್ಟು ಉತ್ಸಾಹದಿಂದ. "ಗಾಯ ಚೆನ್ನಾಗಿ ಕಾಣ್ಲಿ ಅಂತ ಪೂರ್ತಿ ತೆಗೆಸಿ ಬಂದಿದ್ದೀನಿ!"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಆ ಪೆನ್ನು ಇಟ್ಟ ಸದ್ದು ಮೀಸೆ ಮಾವನಿಗೆ ಒಳ್ಳೆಯದೆನಿಸಲಿಲ್ಲ.

"ಯಜಮಾನ್ರೇ, ನಿಮ್ಮ ಸೈನ್ಯದ ಹಳೇ ಗುರುತಿನ ಫೋಟೋ ತರಿಸಿ ನೋಡಿದ್ವಿ. ಹೊರೆಯ ಪಟ್ಟಿ ಬಿಗಿಯುವಾಗ ಹೇಸರಗತ್ತೆ ಕಚ್ಚಿದ್ದು, ಎಲ್ಲ ದಾಖಲೆ ಇದೆ. ಫೋಟೋದಲ್ಲಿ ಮೀಸೆ ಸೀಳಿದ ಹಾಗೆ ಇಷ್ಟಗಲ ಬೋಳು ಕಾಣುತ್ತೆ. ನಮ್ಮ ನಿಯಮ ಏನು ಅಂದ್ರೆ, ಎದುರು ನಿಂತು ಮಾತಾಡೋರಿಗೆ ಮುಖದ ವಿಕಾರ ಕಾಣಬೇಕು. ಇವತ್ತು ಆ ಬೋಳು ಈಗಲೂ ಇದೆಯಾ ಅಂತ ನೋಡಿ ರುಜು ಹಾಕೋದಷ್ಟೇ ಬಾಕಿ ಇತ್ತು. ಮೂವರೂ ಒಪ್ಪಿಯಾಗಿತ್ತು."

"ಹಾಗಾದ್ರೆ ಹಾಕಿ ಮೇಡಂ, ಗಾಯ ಇಲ್ಲೇ ಇದೆ!" ಎಂದು ಅವನು ಮುಖವನ್ನು ಮೇಜಿನ ಮೇಲೆ ಚಾಚಿದ.

ಡಾಕ್ಟರಮ್ಮ ದೀಪ ಹತ್ತಿರ ಎಳೆದು ನೋಡಿದರು. ಪಕ್ಕದವರು ಭೂತಗನ್ನಡಿ ಕೊಟ್ಟರು. ಮೂರನೆಯವರು, "ಎಲ್ಲಿ?" ಎಂದರು.

"ಇದು ಬರೀ ಎಳೆ. ಲೆಕ್ಕಕ್ಕೆ ಬರಲ್ಲ. ಮೀಸೆ ಇದ್ರೇ ನಿಮಗೆ ವಿಕಾರ, ಮೀಸೆ ಇಲ್ದಿದ್ರೆ ನೀವು ಸುಂದರ" ಎಂದು ಡಾಕ್ಟರಮ್ಮ ನಿಟ್ಟುಸಿರು ಬಿಟ್ಟರು. "ನಿಮಗೆ ಯಾರು ಹೇಳಿದ್ರು ಬೋಳಿಸೋಕೆ?"

ಮೀಸೆ ಮಾವ ತಿರುಗಿ ನೋಡಿದ. ಬಾಗಿಲಲ್ಲಿದ್ದ ಲಾ ಪಾಯಿಂಟು ಅಷ್ಟರಲ್ಲಿ ಮಂಗಮಾಯ.

"ಹೋಗಿ, ಬೆಳೆಸ್ಕೊಂಡು ಬನ್ನಿ. ಅಲ್ಲಿ ತನಕ ಫೈಲು ಇಲ್ಲೇ ಇರುತ್ತೆ" ಎಂದರು ಡಾಕ್ಟರಮ್ಮ ಕರುಣೆಯಿಂದ. "ಮೀಸೆಯೊಂದು ಬಂದ್ರೆ ಮನೆ ನಿಮ್ಮದೇ."

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನಬಹುದಿತ್ತು. ಮಣ್ಣಾಗಲು ಮೀಸೆಯೇ ಇರಲಿಲ್ಲ. ನಾಲ್ಕು ಮಹಡಿ ಹತ್ತಿ ಮನೆಗೆ ಬಂದವನ ಮುಖವನ್ನು ಹೆಂಡತಿ ಎರಡೂ ಕೈಯಲ್ಲಿ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ, ಮೊದಲು ಬೈದಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ಕೊನೆಗೆ ಕಣ್ಣೊರೆಸಿಕೊಂಡಳು.

"ಇಷ್ಟು ವರ್ಷ ಆಯ್ತು, ನಿಮ್ಮ ತುಟಿ ಹೇಗಿದೆ ಅಂತ ಇವತ್ತು ನೋಡ್ದೆ" ಎಂದಳು. "ಹೋಗ್ಲಿ ಬಿಡಿ. ಕೂದಲು ತಾನೇ, ಬರುತ್ತೆ. ನಾನು ಕಾಯ್ತೀನಿ."

ಕಾದರು. ಇಡೀ ಬಿಲ್ಡಿಂಗೇ ಕಾಯಿತು. ಟೈಲರಮ್ಮ ಹರಳೆಣ್ಣೆ ಕೊಟ್ಟಳು. ಲಾ ಪಾಯಿಂಟು ಮೆಟ್ಟಿಲಲ್ಲಿ ಸಿಕ್ಕಾಗೆಲ್ಲ ಗೋಡೆ ನೋಡಿಕೊಂಡು, "ಚಿಗುರ್ತಾ ಇದೆ, ಚಿಗುರ್ತಾ ಇದೆ" ಎನ್ನುತ್ತಿದ್ದ. ಮೀಸೆ ಬಂತು! ಮೊದಲಿಗಿಂತ ದಟ್ಟವಾಗಿ, ಬಲಗಡೆಯ ಕಾಲುದಾರಿ ಮೊದಲಿನಷ್ಟೇ ಬೋಳಾಗಿ. ಆದರೆ ಎಡಗಡೆ, ಬಾರ್ಬರನ ಕತ್ತಿ ಇಳಿದಿದ್ದಲ್ಲಿ, ಇನ್ನೊಂದು ಕಾಲುದಾರಿ ಬಿದ್ದಿತ್ತು. ಅಷ್ಟೇ ಅಗಲ, ಅಷ್ಟೇ ಓರೆ.

"ಮಾವ, ಅಳತೆ ಹಿಡಿದು ಕೆತ್ತಿದ ಹಾಗಿದೆ!" ಎಂದು ಬಾರ್ಬರು ಕುಣಿದ. ಅವನ ಕುಣಿತಕ್ಕೆ ಕಾರಣವಿತ್ತು. ಬೀದಿಯ ಪಡ್ಡೆಗಳು ಬಂದು "ನಮಗೂ ಇದೇ ಮಿಲಿಟರಿ ಕಟಿಂಗ್ ಮಾಡು" ಎಂದು ಸಾಲಿನಲ್ಲಿ ಕೂರತೊಡಗಿದ್ದರು. ಅಂಗಡಿಯ ಬೋರ್ಡಿನ ಮೇಲೆ ಹೊಸ ಮೀಸೆ ಬರೆಸಿಯೂ ಆಗಿತ್ತು.

ಮತ್ತೆ ಮೆಡಿಕಲ್ ಬೋರ್ಡಿನ ದಿನ ಬಂತು. ಈ ಸಲ ಮೀಸೆ ಮಾವ ಯಾರ ಮಾತಿಗೂ ಕಿವಿಗೊಡುವುದಿಲ್ಲ ಎಂದು ಶಪಥ ಮಾಡಿದ್ದ. ಕಾಗದಪತ್ರಗಳೆಲ್ಲ ಬೋರ್ಡಿನಲ್ಲೇ ಇದ್ದವು. ಏನೂ ಬಳಿಯದೆ, ಏನೂ ತೆಗೆಯದೆ, ಎದೆಯುಬ್ಬಿಸಿ ಬೀದಿಗಿಳಿದ. ಮೇಲಿನಿಂದ ಹೆಂಡತಿ, "ರೀ! ರೀ, ಬುಟ್ಟಿ!" ಎಂದು ಕೂಗುತ್ತಾ ಹಗ್ಗ ಇಳಿಸುತ್ತಿದ್ದಳು. "ಬರ್ತಾ ತರಕಾರಿ ತರ್ತೀನಿ ಕಣೇ!" ಎಂದು ಹಿಂದೆ ನೋಡದೆ ಕೈ ಬೀಸಿ ಆಟೋ ಹತ್ತಿದ.

ಬೋರ್ಡಿನ ಕೋಣೆಯ ಬಾಗಿಲು ತೆರೆದು ಅವನನ್ನು ಒಳಗೆ ಕರೆದ ಜವಾನನ ಮೀಸೆಯಲ್ಲಿ ಎರಡು ಕಾಲುದಾರಿಗಳಿದ್ದವು. ಡಾಕ್ಟರಮ್ಮ ಜವಾನನನ್ನು ನೋಡಿದರು, ಮೀಸೆ ಮಾವನನ್ನು ನೋಡಿದರು. ಕಿಟಕಿಯಾಚೆ ಆಟೋಗೆ ಒರಗಿ ನಿಂತಿದ್ದ ಡ್ರೈವರನ ಮೀಸೆಯನ್ನೂ ನೋಡಿದರು.

"ಯಜಮಾನ್ರೇ, ಒಂದು ಕಡೆ ಇದ್ದಿದ್ರೆ ಗಾಯ ಅಂತ ಬರೀತಿದ್ದೆ" ಎಂದರು. "ಎರಡು ಕಡೆ ಇದ್ರೆ ಶೋಕಿ ಅಂತಾರೆ. ನಾನು ನಿಮ್ಮನ್ನ ನಂಬ್ತೀನಿ, ಆದರೆ ಈ ಮುಖ ನೋಡಿ ವಿಕಾರ ಅಂತ ಬರೆದ್ರೆ ಈ ಊರಿನ ಅರ್ಧ ಗಂಡಸರಿಗೆ ನಾನು ಕಾರ್ಡು ಕೊಡಬೇಕಾಗುತ್ತೆ."

ಈ ಸಲ ಅವರು ಪೆನ್ನು ಕೆಳಗಿಡಲಿಲ್ಲ. ಬರೆದೇ ಬಿಟ್ಟರು, ತಿರಸ್ಕರಿಸಲಾಗಿದೆ ಎಂದು.

ಮೀಸೆ ಮಾವ ತರಕಾರಿ ಚೀಲ ಹಿಡಿದು ಕಾಲೆಳೆಯುತ್ತಾ ಬೀದಿಗೆ ಬಂದ. ಬೆಳಿಗ್ಗೆ ಇಳಿದ ಬುಟ್ಟಿ ಇನ್ನೂ ಕೆಳಗೇ ಎದೆಯ ಮಟ್ಟಕ್ಕೆ ತೂಗುತ್ತಿತ್ತು. ಮೇಲೆ ಹೆಂಡತಿ ಬಾಲ್ಕನಿಯ ಕಂಬಿ ಹಿಡಿದು ನಿಂತಿದ್ದಳು. ಅವನ ನಡಿಗೆಯಲ್ಲೇ ಆಕೆಗೆ ಎಲ್ಲ ತಿಳಿಯಿತು.

"ನಾನು ಗಂಟಲು ಹರ್ಕೊಂಡು ಕೂಗಿದ್ದು ತರಕಾರಿಗಲ್ಲ ರೀ" ಎಂದಳು ಆಕೆ ಮೇಲಿನಿಂದ, ದಣಿದ ದನಿಯಲ್ಲಿ. "ಎಡಗಡೇದನ್ನ ಮಾತ್ರ ತುಂಬ್ಕೊಂಡು ಹೋಗಿ ಅಂತ."

ಮೀಸೆ ಮಾವ ಬುಟ್ಟಿಯೊಳಗೆ ಬಗ್ಗಿ ನೋಡಿದ. ತಳದಲ್ಲಿ, ಹೊಸದಾಗಿ ಮೊನೆ ಹೆರೆದು, ಕಿರುಬೆರಳುದ್ದದ ಕಾಡಿಗೆ ಪೆನ್ಸಿಲ್ಲು ಮಲಗಿತ್ತು.